ದೇವರ ಗೂಡಿನಿಂದ ಹೊರಟ ಏಡಿ

ಭಾನುವಾರ ಬೆಳಿಗ್ಗೆ ಏಳೂವರೆಗೆ ಟೋಕಿಯೋ ಸ್ಟೇಷನ್ನಿನಲ್ಲಿ ಬೋಸೋ ಕರಾವಳಿಯ ರೈಲು ಹತ್ತಿದೆವು. ನಾನು, ಎಂಟು ವರ್ಷದ ಮಗಳು ಅನಘಾ, ಊಟದ ಡಬ್ಬಿಯೊಳಗೆ ಒಂದು ಏಡಿ.

ಹಿಂದಿನ ದಿನವಷ್ಟೇ ಅದೇ ತೀರಕ್ಕೆ ಹೋಗಿ ಬಂದಿದ್ದೆವು. ಕೊರೋನಾ ಶುರುವಾದ ಮೇಲೆ ಟೋಕಿಯೋದ ತೊಯೊಸು ಬಡಾವಣೆಯ ನಮ್ಮ ಹದಿನೆಂಟನೇ ಮಹಡಿಯ ಮನೆಯಿಂದ ಊರಾಚೆ ಹೊರಬಿದ್ದದ್ದು ಅದೇ ಮೊದಲು. ಅಲ್ಲಿ ಶಂಖದಂಥ ಒಂದು ಚಿಪ್ಪು ಸಿಕ್ಕಿತು. ಇದು ಮೀನುಗಾರರು ಕಾಯುವ ಸಂರಕ್ಷಿತ ಕಡಲು, ಏನನ್ನೂ ಒಯ್ಯಬಾರದು ಎಂದು ಮಗಳು ಫಲಕ ಓದಿ ಹೇಳಿದಳು. ಖಾಲಿ ಚಿಪ್ಪು, ಅದೂ ದೇವರಿಗೆ ತಾನೆ ಎಂದು ಅವಳ ಬಾಯಿ ಮುಚ್ಚಿಸಿದೆ. ಮನೆಗೆ ತಂದು ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇರಿಸಿದೆ. ಬೆಳಿಗ್ಗೆ ದೀಪ ಹಚ್ಚಲು ಹೋದರೆ ಶಂಖ ತಾನೇ ನಡೆದು ಗಣಪತಿಯ ಹಿಂದೆ ಕೂತಿತ್ತು! ಎತ್ತಿ ನೋಡಿದರೆ ಚಿಪ್ಪಿನೊಳಗೆ ಒಂದು ಏಡಿ ಮನೆ ಮಾಡಿಕೊಂಡಿತ್ತು. ಕೆಳಗಿನ ಕಾಲುವೆಗೆ ಬಿಟ್ಟುಬಿಡು ಎಂದರು ಗಂಡ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಮಗಳು ನನ್ನನ್ನು ನೋಡಿದ ನೋಟಕ್ಕೆ ಸುಮ್ಮನೆ ಬೂಟು ಹಾಕಿಕೊಂಡೆ.

ಎರಡು ಗಂಟೆಯ ದಾರಿ. ಬೋಗಿಯ ಕಿಟಕಿಗಳೆಲ್ಲ ತೆರೆದಿದ್ದವು, ಮಾಸ್ಕಿನೊಳಗೆ ಬೆವರು. ಪ್ರತಿ ಸ್ಟೇಷನ್ನಿಗೂ ಡಬ್ಬಿ ತೆರೆದು ಏಡಿ ಬದುಕಿದೆಯೇ ಎಂದು ನೋಡುತ್ತಿದ್ದೆ. ನಡುವೆ ಮೈಸೂರಿನಿಂದ ತಂಗಿ ಸುಮಾಳ ಮೆಸೇಜು, ಹೆರಿಗೆಗೆ ಇನ್ನು ಮೂರೇ ವಾರ, ಯಾವಾಗ ಬರುತ್ತೀಯೆಂದು. ಆಗ ನಮ್ಮಂಥ ವಿದೇಶಿಯರು ಜಪಾನ್ ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತ್ರಿ ಇರಲಿಲ್ಲ. ಅದನ್ನು ಹೇಳುವ ಧೈರ್ಯ ಬರದೆ, ತಿಂಗಳುಗಟ್ಟಲೆ ಮಾಡಿದಂತೆ, 'ಮುಂದಿನ ವಾರ ನೋಡೋಣ' ಎಂದು ಬರೆದೆ.

ರೈಲಿಳಿದು ಇಪ್ಪತ್ತು ನಿಮಿಷ ಬಸ್ಸು. ಕೊಲ್ಲಿಯ ಬಾಯಲ್ಲಿ ಕಾವಲಿದ್ದವರು ಹಮಾದಾ ಸಾನ್, ಎಪ್ಪತ್ತರ ಹೆಂಗಸು, ಒಂದು ಕಾಲದಲ್ಲಿ ಮುಳುಗಿ ಚಿಪ್ಪು ಹೆಕ್ಕುತ್ತಿದ್ದವರಂತೆ. 'ಸುಮಿಮಾಸೆನ್', ಕ್ಷಮಿಸಿ, ಎಂದು ಬಾಗಿ ಡಬ್ಬಿ ತೆರೆದೆ. ಕುಂಕುಮ ಹತ್ತಿದ ಚಿಪ್ಪನ್ನು ನೋಡಿ ಅವರು ಎರಡೂ ಕೈಗಳನ್ನು ಬೇಡವೆಂಬಂತೆ ಕತ್ತರಿಯಾಗಿ ಅಡ್ಡ ಹಿಡಿದು ಜಪಾನಿಯಲ್ಲಿ ಏನೋ ಹೇಳಿದರು.

"ಆಚೆ ಹೋಗಿದ್ದು ಮತ್ತೆ ಒಳಗೆ ಬರೋ ಹಾಗಿಲ್ವಂತೆ ಅಮ್ಮಾ. ರೋಗ ತಂದಿರಬಹುದಂತೆ," ಎಂದು ಮಗಳು ನನಗೆ ಕನ್ನಡದಲ್ಲಿ ಹೇಳಿದಳು.

"ಅದರ ಮನೆ ಇದೇ ಅಲ್ವೇನೇ, ಕೇಳು ಅವರನ್ನ," ಎಂದೆ. ಹೇಳುತ್ತಲೇ ಅಳು ಬಂತು. ಒಂದು ಏಡಿಗಾಗಿ ಇಷ್ಟು ಅಳುವವಳನ್ನು ಅವರು ಕಂಡಿರಲಿಕ್ಕಿಲ್ಲ.

ಹಮಾದಾ ಸಾನ್ ಶೆಡ್ಡಿಗೆ ಹೋಗಿ ನೀಲಿ ಟಬ್ಬಿನಲ್ಲಿ ಕಡಲ ನೀರು ತಂದರು. ಏಡಿ ಅದರೊಳಗೆ ಎರಡು ವಾರ ಇರಬೇಕಂತೆ. ಆಮೇಲೆ ಬಿಡುತ್ತೀರಲ್ಲ ಎಂದು ಮಗಳಿಂದ ಕೇಳಿಸಿದೆ. ಅವರು ಟಬ್ಬನ್ನು ನೆರಳಿಗೆ ಸರಿಸುತ್ತ ಉತ್ತರಿಸಿದರು.

"ಪ್ರಾಮಿಸ್ ಮಾಡಲ್ವಂತೆ," ಎಂದಳು ಮಗಳು. "ಗೊತ್ತಿಲ್ದೇ ಇರೋದನ್ನ ಹೇಳಿದ್ರೆ ನಾವು ಸುಮ್ನೆ ಕಾಯ್ತೀವಂತೆ."

ಬಸ್ ಸ್ಟಾಪಿನಿಂದಲೇ ಸುಮಾಳಿಗೆ ಫೋನ್ ಮಾಡಿ, ಹೆರಿಗೆಗೆ ಬರಲಾಗುವುದಿಲ್ಲ, ಮೊದಲೇ ಗೊತ್ತಿತ್ತು ಎಂದೆ. ಬಸ್ಸು ಬಂತು, ಫೋನ್ ಕಿವಿಯಲ್ಲಿಟ್ಟುಕೊಂಡೇ ಹತ್ತಿದೆ. ಮಗಳು ಹಿಂದಿನ ಗಾಜಿಗೆ ಮೂಗೊತ್ತಿ ನೀಲಿ ಟಬ್ಬನ್ನೇ ನೋಡುತ್ತಿದ್ದಳು.

"ಸರಿ, ನಮ್ಮ ಅತ್ತೆಗೆ ಬರಕ್ಕೆ ಹೇಳ್ತೀನಿ," ಎಂದಳು ಸುಮಾ ಕೊನೆಗೆ. "ನೀನು ಬರ್ತೀಯ ಅಂತ ಅವರಿಗೆ ಎರಡು ಸಲ ಬೇಡ ಅಂದಿದ್ದೆ ಕಣೇ."