ಮಗ್ಗಕ್ಕೊಂದು ಜಾಳಿಗೆ

ನೊಂದವರ ಮುಂದೆ ನಿಂತು ‘ಇದು ದೇವರ ಇಚ್ಛೆ’ ಎನ್ನುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?

ಖಾನಾಪುರದಿಂದ ದಿನವೂ ಬಸ್ಸಿನಲ್ಲಿ ವಡಗಾವಿಗೆ ಬಂದು, ನಮ್ಮ ಎದುರು ಮನೆಯ ವಿದ್ಯುತ್ ಮಗ್ಗದಲ್ಲಿ ನೇಯುತ್ತಿದ್ದ ಹೆಣ್ಣುಮಗಳೊಬ್ಬರಿದ್ದರು. ಬಟನ್ ಒತ್ತುವ ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, “ಯೇಸಪ್ಪಾ, ಕಣ್ಣಿಡಪಾ” ಎನ್ನುತ್ತಿದ್ದರು. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಹೊರಗೆ ಹಾರದಂತೆ ತಡೆಯುವ ಜಾಳಿಗೆ ಆ ಮಗ್ಗಕ್ಕೆ ಇರಲಿಲ್ಲ. ಒಂದು ದಿನ ಲಾಳಿ ಹಾರಿ ಬಂದು ಅವರ ಎಡಗಣ್ಣು ಹೋಯಿತು.

ಅವರು ಮರಳಿದ ದಿನ ಆ ಮಗ್ಗದ ಮುಂದೆ ಬೇರೊಬ್ಬ ಹೆಂಗಸು ನಿಂತಿದ್ದಳು. ಜಾಳಿಗೆ ಆಗಲೂ ಇರಲಿಲ್ಲ. ಮಾಲೀಕ ಸಮಾಧಾನ ಹೇಳಿದ: “ದೇವರ ಇಚ್ಛಾ, ಅಕ್ಕಾ. ನಿಮ್ಮ ಯೇಸುನೂ ಶಿಲುಬಿ ಹೊತ್ತಾನಲ್ಲಾ!”

ಆ ಮಾತಿಗೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಉಳಿದ ಕಣ್ಣಿಗೆ ಅವನು ಕಾಣುವಂತೆ ಅವರು ಕತ್ತು ಹೊರಳಿಸಿದರು. “ಖರೇ ಹೊತ್ತಾನ್ರೀ ಸಾವ್ಕಾರ. ಹೊರಿಸಿದವ್ರು ಮಂದಿ! ಈಕಿ ಕಣ್ಣು ಉಳದ್ರ ನನ್ನ ನೋವಿಗೆ ಒಂದು ಅರ್ಥ ಬರತೈತಿ. ಜಾಳಿಗಿ ಹಾಕಸ್ರಿ.” ಹೀಗೆಂದು ಬಟನ್ನಿಗೆ ಅಡ್ಡ ನಿಂತರು.

“ಎಷ್ಟ ದಿನಾ ನಿಂದರ್ತಿ?” ಎಂದು ಅವನು ಹಂಗಿಸಿದ.

“ನಮ್ಮ ಯೇಸಪ್ಪ ಮೂರನೇ ದಿನಕ್ಕ ಎದ್ದಾನ್ರೀ. ಅಲ್ಲೀತನಕಾರ ನಿಂದರ್ತೀನಿ.”

ಎರಡನೆಯ ದಿನ ಸಂಜೆ ಜಾಳಿಗೆ ಬಂತು.

ಓದುಗರೇ, ನಾಳೆ ನಿಮ್ಮ ಓಣಿಯ ಮಗ್ಗಗಳನ್ನು ನೋಡಿ ಬನ್ನಿ. ಜಾಳಿಗೆ ಇಲ್ಲದಿದ್ದರೆ, ಹಾಕಿಸುವವರೆಗೆ ಅಲ್ಲೇ ನಿಲ್ಲಿ.