ಸ್ಪ್ಲಿಟ್ ಪಟ್ಟಣದಲ್ಲಿ ಶಂಕರಮ್ಮನವರ ಹಳದಿ ಕೊಡೆ

ಶಿವಮೊಗ್ಗದ ಹೊಸಮನೆಯ ಶಂಕರಮ್ಮ ಎಂದರೆ ಭದ್ರಾವತಿಯವರೆಗೂ ಗೊತ್ತು. ವರ್ಷಕ್ಕೆ ಮೂರ್ನಾಲ್ಕು ಸಲ ಬಸ್ಸು ಮಾಡಿ, ಎರಡೂ ಊರಿನ ಹೆಂಗಸರನ್ನು ತುಂಬಿಕೊಂಡು ಶ್ರೀಶೈಲ, ಕಾಶಿ, ರಾಮೇಶ್ವರ ಸುತ್ತಿಸಿಕೊಂಡು ಬರುವವರು. ಎಂಥ ನೂಕುನುಗ್ಗಲಿನಲ್ಲೂ ಅವರ ಹಳದಿ ಕೊಡೆ ಮೇಲೆದ್ದರೆ, ಬಳೆ ಅಂಗಡಿ ಮುಂದೆ ನಿಂತವರು ಚೌಕಾಸಿ ಅರ್ಧಕ್ಕೇ ಬಿಟ್ಟು ಓಡಿ ಬರಬೇಕು. ತಡ ಮಾಡಿದವರಿಗೆ ಎಲ್ಲರೆದುರೇ ಮಂಗಳಾರತಿ. ಭದ್ರಾವತಿ ಕಾರ್ಖಾನೆಯಿಂದ ನಿವೃತ್ತರಾದ ಗಂಡ ಓಂಕಾರಪ್ಪನವರಿಗೂ ವಿನಾಯಿತಿಯಿಲ್ಲ.

ಅಂಥ ಶಂಕರಮ್ಮ ಹೋದ ಮೇ ತಿಂಗಳಲ್ಲಿ ಗಂಡನ ಜತೆ ಯುರೋಪ್ ಪ್ರವಾಸ ಹೊರಟರು. ಮೊಟ್ಟಮೊದಲ ಸಲ ಇನ್ನೊಬ್ಬರ ಗುಂಪಿನಲ್ಲಿ. ಗುಂಪಿನ ಮ್ಯಾನೇಜರ್ ಜ್ಞಾನೇಶ್ ವಿಮಾನ ನಿಲ್ದಾಣದಲ್ಲೇ, “ಆಂಟಿ, ನೀವು ಆರಾಮಾಗಿ ಕೂತ್ಕೊಳ್ಳಿ, ಎಲ್ಲಾ ನಾನು ನೋಡ್ಕೋತೀನಿ” ಎಂದಿದ್ದ. ಆ ಮಾತು ಅವರಿಗೆ ಹಿಡಿಸಲಿಲ್ಲ. ಕೂರುವುದಕ್ಕೆ ಮನೆಯಲ್ಲೇ ಸೋಫಾ ಇತ್ತಲ್ಲ.

ಕ್ರೊಯೇಷಿಯಾ ದೇಶದ ಸ್ಪ್ಲಿಟ್ ಎಂಬ ಬಂದರು ಪಟ್ಟಣ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನೀಲಿ ಸಮುದ್ರ, ದಡದುದ್ದಕ್ಕೂ ಹಡಗು, ಅದರೆದುರೇ ರೋಮನ್ ಚಕ್ರವರ್ತಿಯೊಬ್ಬ ಕಟ್ಟಿಸಿದ ಬಿಳಿ ಕಲ್ಲಿನ ಅರಮನೆ. ಈಗ ಅದರೊಳಗೆ ಅಂಗಡಿ, ಹೋಟೆಲು, ಸಂಸಾರಗಳು.

“ಇದೇನೇ ಮಾರಾಯ್ತಿ, ಅರಮನೇಲಿ ಚಡ್ಡಿ ಒಣಗ್ ಹಾಕಿದಾರೆ!” ಓಂಕಾರಪ್ಪ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗ ತೋರಿಸಿದರು.

“ಜನ ಇದ್ಮೇಲೆ ಚಡ್ಡೀನೂ ಇರುತ್ತೆ. ಬಾಯಿ ಮುಚ್ಕೊಂಡು ನಡೀರಿ.”

ಅರಮನೆಯ ಉತ್ತರದ ಬಾಗಿಲಾಚೆ ಹಳೆಯ ಕಾಲದ ಪಾದ್ರಿಯೊಬ್ಬರ ಎತ್ತರದ ಕಂಚಿನ ವಿಗ್ರಹವಿತ್ತು. ಅದರ ಕಾಲಿನ ಹೆಬ್ಬೆರಳು ಉಜ್ಜಿದರೆ ಅಂದುಕೊಂಡಿದ್ದು ಆಗುತ್ತದಂತೆ. ಲಕ್ಷಾಂತರ ಕೈ ತಾಗಿ ಬೆರಳು ಬಂಗಾರದಂತೆ ಹೊಳೆಯುತ್ತಿತ್ತು. ಉಳಿದವರು ತುದಿಬೆರಳಲ್ಲಿ ಸವರಿ, ಸೆಲ್ಫಿ ತೆಗೆದು ಮುಂದೆ ಹೋಗುತ್ತಿದ್ದರು. ಶಂಕರಮ್ಮ ಹಾಗೆಲ್ಲ ಮಾಡುವವರಲ್ಲ. ಚಪ್ಪಲಿ ಪಕ್ಕಕ್ಕೆ ಬಿಟ್ಟು, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ತಮ್ಮ ಮೊಣಕಾಲಿನ ಕಷ್ಟವನ್ನು ಮೊದಲಿಂದ ಕೊನೆಯವರೆಗೆ ನಿವೇದಿಸಿದರು. ಇದೇ ಸರಿಯಾದ ಕ್ರಮವಿರಬೇಕೆಂದು ಹಿಂದಿದ್ದವರೂ ಬೂಟು ಬಿಚ್ಚತೊಡಗಿದರು.

ಕಣ್ಣು ಬಿಟ್ಟರೆ ಜ್ಞಾನೇಶನೂ ಇಲ್ಲ, ಗುಂಪೂ ಇಲ್ಲ, ಓಂಕಾರಪ್ಪನೂ ಇಲ್ಲ. ಅವರ ಫೋನು ಗಂಡನ ಕೈಚೀಲದಲ್ಲಿತ್ತು. ತಾವು ತಪ್ಪಿಸಿಕೊಂಡಿದ್ದೇವೆ ಎಂದು ಶಂಕರಮ್ಮನಿಗೆ ಹೊಳೆಯಲೇ ಇಲ್ಲ. “ಅಯ್ಯೋ ಶಿವನೇ, ಅಷ್ಟೂ ಜನ ಕಳೆದುಹೋದ್ರಲ್ಲ!” ಎಂದು ಮರುಗಿ, ಹಳದಿ ಕೊಡೆ ಬಿಚ್ಚಿ ಎತ್ತಿ ಹಿಡಿದು, “ರೀ! ರೀ!” ಎಂದು ಕೂಗುತ್ತ ಹೊರಟರು.

ಎರಡು ಓಣಿ ದಾಟಿ ತಿರುಗಿ ನೋಡಿದರೆ ಬೆನ್ನಿಗೆ ಹತ್ತಿಪ್ಪತ್ತು ಮಂದಿ. ಎಲ್ಲ ತಲೆ ನರೆತ ಬಿಳಿಯರು, ಕೊರಳಲ್ಲಿ ಕ್ಯಾಮೆರಾ. ಶಂಕರಮ್ಮ ನಿಂತರೆ ನಿಂತರು, ನಡೆದರೆ ನಡೆದರು. ಇವರು ತಲೆಯೆತ್ತಿ “ರೀ” ಎಂದು ಕೂಗಿದ ಕಡೆಗೆಲ್ಲ ಕ್ಯಾಮೆರಾ ತಿರುಗಿಸಿ ಫೋಟೊ ಹೊಡೆದುಕೊಂಡರು. ಯಾರದೋ ಗುಂಪು ತಮ್ಮ ಕೊಡೆ ನೋಡಿ ಮೋಸಹೋಗಿದೆ ಎಂದು ಆಗ ಅರ್ಥವಾಯಿತು.

ಕೊಡೆ ಮಡಚಿ ಜಾರಿಕೊಳ್ಳಬಹುದಿತ್ತು. ಆದರೆ ಕೊನೆಯಲ್ಲಿ ಒಬ್ಬ ಅಜ್ಜಿ ಕೋಲೂರಿಕೊಂಡು, ಏದುಸಿರು ಬಿಡುತ್ತ ಬರುತ್ತಿದ್ದಳು. ನಂಬಿ ಬಂದವರನ್ನು ನಡುಬೀದಿಯಲ್ಲಿ ಬಿಟ್ಟು ಶಂಕರಮ್ಮನಿಗೆ ಅಭ್ಯಾಸವಿಲ್ಲ. ಅಜ್ಜಿಯನ್ನು ಕಲ್ಲಿನ ಮೆಟ್ಟಿಲ ಮೇಲೆ ಕೂರಿಸಿ, ಚೀಲದಿಂದ ಕೋಡುಬಳೆ ತೆಗೆದು ಕೊಟ್ಟರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿರುವುದು ಹೇಗೆ? ಎಲ್ಲರಿಗೂ ಹಂಚಿದರು. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು ಅವರೆಲ್ಲ ಬಹಳ ಚೆನ್ನಾಗಿದೆ ಎಂದು ತಲೆಯಾಡಿಸಿದರು.

ಬಂದರಿನ ಊರಲ್ಲಿ ಇಳಿಜಾರು ಹಿಡಿದರೆ ಸಮುದ್ರ ಸಿಗಲೇಬೇಕು ಎಂಬ ಲೆಕ್ಕದಲ್ಲಿ ಶಂಕರಮ್ಮ ಮುಂದೆ ನಡೆದರು. ದಾರಿಯಲ್ಲಿ ಮೀನು ಮಾರ್ಕೆಟ್ಟು ಬಂತು. ಅವರಿಗೆಲ್ಲ ಅಲ್ಲಿ ನಿಲ್ಲುವ ಆಸೆ. “ನೋ ಫಿಶ್! ಕಮ್, ಕಮ್!” ಎಂದು ಮೂಗಿಗೆ ಸೆರಗು ಹಿಡಿದು ದಾಟಿಸಿಬಿಟ್ಟರು.

ಕಡಲ ದಂಡೆಯ ಹೋಟೆಲೊಂದರ ಮುಂದೆ, ನೆರಳಿನಲ್ಲಿ ಓಂಕಾರಪ್ಪ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರು. ಎದುರಿಗೊಬ್ಬ ಉದ್ದನೆಯ ಯುವಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವನ ಮಡಿಲಲ್ಲೂ ಒಂದು ಹಳದಿ ಕೊಡೆ.

“ಏನ್ರೀ ಇದು? ನಾನು ಊರೆಲ್ಲ ಹುಡುಕ್ತಾ ಇದ್ರೆ ನೀವಿಲ್ಲಿ ಕಾಫಿ ಕುಡೀತಾ ಇದೀರಾ?”

“ಕೂಗ್ಬೇಡ ಮಾರಾಯ್ತಿ, ಪಾಪ ಇವನು ಮೊದ್ಲೇ ಅಳೋ ಹಂಗಾಗಿದಾನೆ. ಇವನ ಹೆಸ್ರು ಇವಾನ್ ಅಂತೆ, ಗೈಡು. ಜರ್ಮನಿಯವರನ್ನ ಕರ್ಕೊಂಡು ಬಂದಿದ್ನಂತೆ, ಒಬ್ರೂ ಇಲ್ಲ. ನಂದು ವೈಫು ಮಿಸ್ಸಿಂಗ್ ಅಂದೆ. ಇಬ್ರದ್ದೂ ಒಂದೇ ಕಷ್ಟ ಅಂತ ಕಾಫಿ ಹೇಳಿದ್ವಿ.”

ಅಷ್ಟರಲ್ಲಿ ಶಂಕರಮ್ಮನ ಹಿಂದಿನ ದಂಡು ಇವಾನನ ಕಣ್ಣಿಗೆ ಬಿತ್ತು. ಅವನು ಕುರ್ಚಿ ಉರುಳಿಸಿಕೊಂಡು ಎದ್ದು, ಶಂಕರಮ್ಮನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಜರ್ಮನ್ನರು ಅವನನ್ನು ಗುರುತು ಹಿಡಿದ ಹಾಗೆ ಕಾಣಲಿಲ್ಲ. ಹಿಡಿದ ಮೇಲೂ ಅವನ ಕಡೆ ಹೋಗಲು ಅಷ್ಟೇನೂ ಅವಸರ ತೋರಲಿಲ್ಲ. ಕೋಲಿನ ಅಜ್ಜಿಯಂತೂ ಶಂಕರಮ್ಮನ ತೋಳು ಬಿಡದೆ, ಇನ್ನೊಂದು ಕೋಡುಬಳೆಗಾಗಿ ಚೀಲದತ್ತ ಬೆರಳು ಮಾಡಿದಳು.

ಬೆವರು ಸುರಿಸುತ್ತ ಓಡಿಬಂದ ಜ್ಞಾನೇಶ್ ಇದೇನನ್ನೂ ಕೇಳಲಿಲ್ಲ. ಬಸ್ಸು ಹತ್ತಿಸಿ, ಎಲ್ಲರೆದುರೇ ಶುರು ಮಾಡಿದ: “ಗುಂಪು ಬಿಟ್ಟು ಹೋಗ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ ಆಂಟಿ? ನಿಮ್ಮೊಬ್ರಿಂದ ಎಲ್ರಿಗೂ ಲೇಟು!”

ಓಂಕಾರಪ್ಪ ಉಸಿರು ಬಿಗಿಹಿಡಿದು ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಾದಿದ್ದ ಗಳಿಗೆ ಅದು. ಶಂಕರಮ್ಮ “ಸರಿ ಕಣಪ್ಪ” ಎಂದು ಕಿಟಕಿ ಪಕ್ಕದ ಸೀಟು ಹಿಡಿದು ಕೂತರು.

ಬಸ್ಸು ಕಡಲ ಅಂಚಿನಲ್ಲೇ ಸಾಗಿತು. ಒಂದು ಕಡೆ ನೀರು, ಇನ್ನೊಂದು ಕಡೆ ಬೋಳುಗುಡ್ಡ, ನಡುನಡುವೆ ಕೆಂಪು ಹೆಂಚಿನ ಮನೆಗಳು. ಅಷ್ಟೊಂದು ಊರು ಸುತ್ತಿದ್ದ ಶಂಕರಮ್ಮ ಬಸ್ಸಿನಲ್ಲಿ ಯಾವತ್ತೂ ಡ್ರೈವರಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಂತವರೇ.

“ರೀ,” ಎಂದರು ಗಂಡನಿಗೆ, ಕಿಟಕಿಯಿಂದ ಕಣ್ಣು ಕೀಳದೆ, “ದಾರಿ ಇಷ್ಟು ಚೆನ್ನಾಗಿರುತ್ತಾ?”