ಅಂಗಾಲಿನ ಕಪ್ಪು ಮಚ್ಚೆ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಭಾತಂಬ್ರಾ ಹಳ್ಳಿಯಿಂದ ನನ್ನ ಸೋದರತ್ತೆ ಬೀದರ ಪಟ್ಟಣದ ಮೈಲೂರಿನ ನಮ್ಮ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂತು ಅಂಗಾಲು ತೋರಿಸಿದಳು. ಹಿಮ್ಮಡಿಯ ಹತ್ತಿರ ಕಪ್ಪು ಮಚ್ಚೆ, ನಡುವೆ ಹುಣ್ಣು.

"ಜಾಲಿಮುಳ್ಳು ಮುರದು ಒಳಗ ಉಳದದ," ಎಂದಳು. ಎರಡು ವರ್ಷದಿಂದ ಅದನ್ನು ಪಿನ್ನಿನಿಂದ ಕೆದಕುತ್ತಲೇ ಇದ್ದಳಂತೆ.

ದವಾಖಾನೆಗೆ ಮೈಸೂರು ಕಡೆಯ ಹೊಸ ಡಾಕ್ಟರು ಬಂದಿದ್ದರು. ಅತ್ತೆಯ ಮಾತು ಅವರಿಗೆ ತಿಳಿಯದು, ಅವರ ಮಾತು ಅತ್ತೆಗೆ ತಿಳಿಯದು. ಎರಡೂ ಕನ್ನಡವೇ! ಹೈಸ್ಕೂಲು ಓದುತ್ತಿದ್ದ ನಾನು ನಡುವೆ ನಿಂತು ಇಬ್ಬರಿಗೂ ತಿಳಿಸಿ ಹೇಳಿದೆ. ಡಾಕ್ಟರು ಹುಣ್ಣಿನ ತುಣುಕು ತೆಗೆದು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ಅದನ್ನು ಬಹಳ ಹೊತ್ತು ಓದಿದರು.

"ಮೆಲನೋಮಾ. ಚರ್ಮದ ಕ್ಯಾನ್ಸರ್ ಕಣಮ್ಮ. ಬಿಳಿಯರಿಗೆ ಬರೋ ಕಾಯಿಲೆ ಅಂತ ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡ್ತಿರೋದು ಇದೇ ಮೊದಲು."

ಅಷ್ಟರಲ್ಲಿ ರೋಗ ಹರಡಿ ತೊಡೆಸಂದಿನಲ್ಲಿ ಗಂಟು ಕಟ್ಟಿತ್ತು. ಜೋಳದ ರಾಶಿ ಮುಗಿಯುವ ಮೊದಲೇ ಅತ್ತೆ ತೀರಿಕೊಂಡಳು. ನನಗೆ ಅಳು ಬಂತು, ಆದರೆ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. ನಮ್ಮಂಥವರನ್ನು ಲೆಕ್ಕಕ್ಕೇ ಹಿಡಿಯದೆ ಯಾರೋ ಬರೆದ ಪುಸ್ತಕದ ಮೇಲೆ ಸಿಟ್ಟು.

ವೈದ್ಯಕೀಯ ಓದಲು ದಕ್ಷಿಣಕ್ಕೆ ಹೋದೆ. ನನ್ನ "ಹೌದ್ರಿ" ಕೇಳಿ ಹಾಸ್ಟೆಲಿನವರು ನಗುತ್ತಿದ್ದರು. ನಗಲಿ ಎಂದು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಮುಂದೆ ಸಂಶೋಧನೆಗೆ ವಿಷಯ ಆರಿಸುವಾಗ ನನ್ನ ಪ್ರೊಫೆಸರು ಬೇಡವೆಂದು ತಲೆಯಾಡಿಸಿದರು.

"ಮೆಲನೋಮಾನೇ ಯಾಕಮ್ಮ? ನಮ್ಮಲ್ಲಿ ಕೇಸೇ ಇಲ್ವಲ್ಲ."

"ಇಲ್ಲಂತಲ್ಲ ಸರ್. ಯಾರೂ ಚಪ್ಪಲಿ ಬಿಚ್ಚಿಸಿ ನೋಡಿಲ್ರಿ."

"ಒಂದು ವರ್ಷ ಕೊಡ್ತೀನಿ. ಸಿಗದಿದ್ರೆ ವಿಷಯ ಬದಲಿಸಬೇಕು."

ಪ್ರತಿ ರಜೆಯಲ್ಲೂ ಊರಿಗೆ ಬಂದು ಭಾಲ್ಕಿ, ಔರಾದ, ಕಮಲನಗರದ ದವಾಖಾನೆಗಳಲ್ಲಿ ನೆಲದ ಮೇಲೆ ಕೂತು ಜನರ ಅಂಗಾಲು ನೋಡಿದೆ. ಔರಾದದಲ್ಲಿ ಒಬ್ಬ ಮುದುಕ ಕಾಲು ಹಿಂದೆಳೆದುಕೊಂಡ.

"ಹೆಣ್ಮಗಳು ನೀವು, ನನ್ನ ಕಾಲ ಮುಟ್ಟಬ್ಯಾಡ್ರಿ. ನನಗ ಪಾಪ ಹತ್ತತದ."

"ಪಾಪ ನನಗಿರಲಿ ಕಾಕಾ. ಕಾಲ ಕೊಡ್ರಿ."

ಹೆಬ್ಬೆರಳಿನ ಬುಡದಲ್ಲಿ ಕಪ್ಪು ಮಚ್ಚೆಯಿತ್ತು. ಕಲ್ಲು ಎಡವಿದ ಕಲೆ ಎಂದು ಆತ ಸುಮ್ಮನಿದ್ದ. ಗದರಿಸಿಯೇ ಶಸ್ತ್ರಚಿಕಿತ್ಸೆಗೆ ಕಳಿಸಿದೆ. ಬೆರಳು ಹೋಯಿತು, ಮನುಷ್ಯ ಉಳಿದ. ಆಮೇಲೆ ಅವನೇ ಬೇರೆಯವರನ್ನು ಕರೆತರತೊಡಗಿದ. ವರ್ಷ ತುಂಬುವ ಮೊದಲೇ ಪ್ರೊಫೆಸರರ ಮೇಜಿನ ಮೇಲೆ, ಸಿಕ್ಕ ಗಡ್ಡೆಗಳ ತೆಳು ಚೂರುಗಳಿದ್ದ ಗಾಜಿನ ಸ್ಲೈಡುಗಳ ಡಬ್ಬಿ ಇಟ್ಟೆ. ಅವರು ವಿಷಯ ಬದಲಿಸೆಂದು ಮತ್ತೆ ಹೇಳಲಿಲ್ಲ.

ಬಿಸಿಲೇ ಬೀಳದ ಅಂಗಾಲಿನಲ್ಲಿ ಹುಟ್ಟುವ ಈ ಗಡ್ಡೆ, ಬಿಸಿಲಿನಿಂದ ಬಿಳಿಯರಿಗೆ ಬರುವ ಮೆಲನೋಮಾದ ಹಾಗೆ ಬೆಳೆಯುವುದಿಲ್ಲ ಎಂದು ಬರೆದೆ. ವಿದೇಶಿ ಪತ್ರಿಕೆಯೊಂದು, ರೋಗ ಗುರುತಿಸಿದ್ದೇ ತಪ್ಪಿರಬೇಕು ಎಂದು ಲೇಖನ ಹಿಂತಿರುಗಿಸಿತು. ಸ್ಲೈಡುಗಳನ್ನೇ ಹತ್ತಿಯಲ್ಲಿ ಸುತ್ತಿ ಕಳಿಸಿದೆ: ನೀವೇ ನೋಡಿ. ಕೆಲವು ತಿಂಗಳ ಮೇಲೆ ಒಪ್ಪಿಗೆ ಬಂತು. ಸಣ್ಣ ಊರುಗಳ ಹೆಸರು ಬೇಡ, ಭಾರತ ಎಂದರೆ ಸಾಕು ಎಂದರು ಸಂಪಾದಕರು. ನಾನು ಬಗ್ಗಲಿಲ್ಲ. ಭಾಲ್ಕಿ, ಔರಾದ ಎಂದೇ ಅಚ್ಚಾಯಿತು.

ಆಮೇಲೆ ದೂರದ ಊರುಗಳ ವೈದ್ಯರು ತಮ್ಮ ಸ್ಲೈಡುಗಳನ್ನು ನನಗೆ ಕಳಿಸತೊಡಗಿದರು. ನಾನೂ ಪ್ರೊಫೆಸರಾದ ಮೇಲೆ ನನ್ನ ವಿದ್ಯಾರ್ಥಿಗಳಿಗೆ ಒಂದೇ ಕಟ್ಟಳೆ: ಅಂಗಾಲು ನೋಡದೆ ರೋಗಿಯನ್ನು ಪರೀಕ್ಷಿಸಿದೆ ಎನ್ನಬಾರದು. ನೋಡದೆಯೇ ಹಾಗೆಂದವನೊಬ್ಬನನ್ನು ಫೇಲು ಮಾಡಿದೆ. ಇಷ್ಟಕ್ಕೆಲ್ಲ ಫೇಲಾ ಎಂದು ಅವನು ವಾದಿಸಿದ.

"ಹೌದ್ರಿ," ಎಂದೆ.